ಅಮ್ಮ ಸಾಕ್ಷಿ ಹೇಳಿದ ದಿನ

ವಿದ್ಯಾರ್ಥಿನಿಲಯ,
ಜೂನ್ ೧೮

ಪ್ರೀತಿಯ ಅಪ್ಪನಿಗೆ,

ಮೊಬೈಲ್‌ನಲ್ಲಿ ಬರೆದರೆ ನಾನು ‘ಸರಿ’ ಅಂತ ಒಂದೇ ಪದ ಕಳಿಸಿ ಕೈತೊಳೆದುಕೊಳ್ಳುತ್ತೇನೆ ಅನ್ನುವುದು ನಿನ್ನ ದೂರು ತಾನೆ? ಇಗೋ, ಕಾಗದ. ಜೊತೆಗೆ ನಮ್ಮ ಕಾನೂನು ಕಾಲೇಜಿನ ಪತ್ರಿಕೆಯನ್ನೂ ಇಟ್ಟಿದ್ದೇನೆ. ‘ಇತ್ತೀಚಿನ ತೀರ್ಪುಗಳು’ ಅನ್ನುವ ಅಂಕಣ ಈ ವರ್ಷ ನನ್ನ ಪಾಲಿಗೆ ಬಂದಿದೆ. ಹೊಸ ತೀರ್ಪು, ಹೊಸ ನಿಯಮ ಯಾವುದು ಬಂದರೂ ಓದಿ, ಕಾನೂನು ಓದದವರಿಗೂ ತಿಳಿಯುವ ಹಾಗೆ ಬರೆಯಬೇಕು.

ಮೊದಲ ಲೇಖನಕ್ಕೆ ನಾನು ಆರಿಸಿಕೊಂಡ ತೀರ್ಪು ನಿನಗೆ ಹಿಡಿಸುತ್ತದೆ. ಒಬ್ಬ ಕಿವುಡ ಹೆಂಗಸು ಕೆಳಗಿನ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ್ದಳು. ಅವಳ ಸನ್ನೆಗಳನ್ನು ಬಾಯಲ್ಲಿ ಹೇಳಿದವನು ಅವಳ ಅಣ್ಣ. ಉಚ್ಚ ನ್ಯಾಯಾಲಯ ಆ ಸಾಕ್ಷ್ಯವನ್ನೇ ತಳ್ಳಿಹಾಕಿ ಮತ್ತೊಮ್ಮೆ ಕೇಳಿ ಅಂದಿದೆ. ಮನೆಯವರು ಎಷ್ಟೇ ಒಳ್ಳೆಯವರಾಗಿರಲಿ, ದುಭಾಷಿ ಆಗಕೂಡದಂತೆ. ತರಬೇತಾದ, ಪ್ರಮಾಣ ಮಾಡಿದ ಹೊರಗಿನವರೇ ಆಗಬೇಕು, ಇಡೀ ಹೇಳಿಕೆಯನ್ನು ಚಿತ್ರೀಕರಿಸಬೇಕು. ‘ಸಾಕ್ಷಿಯ ಮಾತು ಸಾಕ್ಷಿಯದೇ ಆಗಿರತಕ್ಕದ್ದು’ ಅನ್ನುವ ಸಾಲನ್ನು ಓದಿ ನಾನು ಎದ್ದು ಕೋಣೆಯಲ್ಲಿ ಒಂದು ಸುತ್ತು ತಿರುಗಿದೆ.

ನನಗೆ ನೆನಪಾದದ್ದು ನಮ್ಮ ಮನೆ. ನೀನಾದರೂ ಒಂಬತ್ತು ವರ್ಷದವರೆಗೆ ಕೇಳಿಸಿಕೊಂಡವನು, ಕಿವಿ ಹೋಗುವಷ್ಟರಲ್ಲಿ ಅಕ್ಷರವೂ ಕಲಿತಿದ್ದೆ. ಹುಟ್ಟಿನಿಂದಲೇ ಕಿವುಡಾದ, ಶಾಲೆಯ ಬಾಗಿಲು ನೋಡದ ಅಮ್ಮನಿಗೆ ಹೊರಗಿನ ಜಗತ್ತಿನಲ್ಲಿ ಬಾಯಿ ಅಂತ ಇದ್ದದ್ದು ನಾನೇ. ವೈದ್ಯರ ಮುಂದೆ, ಬ್ಯಾಂಕಿನಲ್ಲಿ, ಕೊನೆಗೆ ನನ್ನ ತಂಟೆಯ ಬಗ್ಗೆ ನನ್ನ ಟೀಚರು ದೂರು ಹೇಳುವಾಗಲೂ! ಇದನ್ನೆಲ್ಲ ಲೇಖನದಲ್ಲಿ ಬರೆಯಲಿಲ್ಲ. ‘ತೀರ್ಪಿನ ಬಗ್ಗೆ ಬರಿ ತಾಯಿ, ನಿನ್ನ ಬಗ್ಗೆ ಅಲ್ಲ’ ಅನ್ನುವುದು ನಮ್ಮ ಮೇಷ್ಟ್ರ ಹಟ.

ಅಮ್ಮನಿಗೆ ಕೈಯಲ್ಲಿ ಓದಿ ಹೇಳು. ಏನಂದಳು ಅಂತ ಬರಿ.

ನಿನ್ನ ಮಗಳು,
ಕೆನ್ನೆಗುಳಿ


ಮನೆ,
ಜುಲೈ ೨

ಮಗಳೇ,

ಲೇಖನ ತಲುಪಿತು. ಮುದ್ರಣಾಲಯದಲ್ಲಿ ಕರಡು ತಿದ್ದುವವನ ಮಗಳು ‘ಪ್ರಮಾಣ’ವನ್ನು ಒಂದು ಕಡೆ ‘ಪ್ರಯಾಣ’ ಮಾಡಿದ್ದಾಳೆ. ಸಾಕ್ಷಿಗಳೆಲ್ಲ ನ್ಯಾಯಾಧೀಶರ ಮುಂದೆ ಪ್ರಯಾಣ ಮಾಡುತ್ತಿದ್ದಾರೆ. ಉಳಿದ ತಪ್ಪುಗಳಿಗೆ ಕೆಂಪು ಗುರುತು ಹಾಕಿ ವಾಪಸು ಕಳಿಸಿದ್ದೇನೆ. ತಪ್ಪುಗಳನ್ನು ಬಿಟ್ಟರೆ, ಚೆನ್ನಾಗಿದೆ. ನಾನು ಎರಡು ಸಲ ಓದಿದೆ, ಎರಡನೆಯ ಸಲ ಕೆಂಪು ಪೆನ್ನು ಕೆಳಗಿಟ್ಟು.

ಅಮ್ಮ ಕೇಳಿದ ಮೊದಲ ಪ್ರಶ್ನೆ, ‘ಆ ಅಣ್ಣ ಮಾತು ತಿರುಚಿದ್ದನಾ?’ ತಿರುಚಿದ್ದಾನೋ ಇಲ್ಲವೋ ಗೊತ್ತಾಗಲು ದಾರಿಯಿಲ್ಲ, ಅದಕ್ಕೇ ಆ ತೀರ್ಪು ಅಂದೆ. ಆಮೇಲೆ, ದುಭಾಷಿ ಅಂದರೆ ಎಂಥವರು, ಅವರಿಗೆ ಯಾರು ಕಲಿಸುತ್ತಾರೆ, ಗಂಡಸರೋ ಹೆಂಗಸರೋ, ತಮಾಷೆ ಮಾಡಿದರೆ ಅದನ್ನೂ ಹೇಳುತ್ತಾರೋ ಅಂತ ನನ್ನ ಪ್ರಾಣ ತಿಂದಳು. ನನಗೇನು ಗೊತ್ತು? ನೀನೇ ಉತ್ತರ ಬರಿ.

ಇಲ್ಲಿ ಒಂದು ಕೆಟ್ಟ ಸುದ್ದಿ. ಅಮ್ಮ ಪರದೆ ಹೊಲಿಯುವ ಅಂಗಡಿಯ ಎದುರು ಕಟ್ಟಡವೊಂದು ಏಳುತ್ತಿದೆಯಲ್ಲ, ಅಲ್ಲಿ ಹೊರಗೋಡೆಗೆ ಬಣ್ಣ ಬಳಿಯುತ್ತಿದ್ದವನು ಮೂರನೆಯ ಮಹಡಿಯ ಎತ್ತರದಿಂದ ಬಿದ್ದ. ಜೀವ ಉಳಿದಿದೆ. ಸೊಂಟ ಮುರಿದಿದೆ, ಇನ್ನು ಏಣಿ ಹತ್ತುವ ಕೆಲಸ ಅವನಿಂದಾಗದು. ಅಮ್ಮ ಮೊದಲ ಮಹಡಿಯ ಕಿಟಕಿಯ ಪಕ್ಕದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುವವಳು. ಎಲ್ಲವನ್ನೂ ನೋಡಿದ್ದಾಳೆ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಿನ್ನ,
ಅಪ್ಪ


ವಿದ್ಯಾರ್ಥಿನಿಲಯ,
ಜುಲೈ ೯

ಅಪ್ಪ,

‘ಎಲ್ಲವನ್ನೂ ನೋಡಿದ್ದಾಳೆ’ ಅಂತ ಬರೆದು ಕಾಗದ ಮುಗಿಸಿಬಿಟ್ಟರೆ ನಾನು ಇಲ್ಲಿ ಹೇಗಿರಲಿ? ಏನು ನೋಡಿದಳು? ಅವನು ಹೇಗೆ ಬಿದ್ದ? ಎತ್ತರದಲ್ಲಿ ಕೆಲಸ ಮಾಡುವವರಿಗೆಲ್ಲ ಬೀಳದಂತೆ ಹಿಡಿಯುವ ಸುರಕ್ಷತಾ ಬೆಲ್ಟ್ ತಲೆಗೊಂದರಂತೆ ಕೊಡಲೇಬೇಕು ಅಂತ ನಿಯಮವಿದೆ. ಬೆಲ್ಟ್ ಹಾಕಿದ್ದನೋ ಇಲ್ಲವೋ?

ಇನ್ನೊಂದು ಮಾತು. ಅಮ್ಮ ನೋಡಿದ್ದಾಳೆ ಅನ್ನುವುದು ಬೇರೆ ಯಾರಿಗೆ ಗೊತ್ತು? ಯಾರಾದರೂ ಬಂದು ಕೇಳಿದರೆ ತಕ್ಷಣ ಏನೂ ಒಪ್ಪಿಕೊಳ್ಳಬೇಡಿ. ಸಾಕ್ಷಿ ಹೇಳುವುದು ಅಂದರೆ ತಮಾಷೆಯಲ್ಲ. ಎದುರು ಕಡೆಯ ವಕೀಲರು ಹೇಗೆ ಪ್ರಶ್ನೆ ಕೇಳುತ್ತಾರೆ ಅಂತ ನಾನು ನೋಡಿದ್ದೇನೆ. ಮಾತು ಬಲ್ಲವರೇ ಅಲ್ಲಿ ತೊದಲುತ್ತಾರೆ.

ದುಭಾಷಿಯ ಬಗ್ಗೆ ಅಮ್ಮನ ಪ್ರಶ್ನೆಗಳನ್ನು ಮೇಷ್ಟ್ರಿಗೆ ಕೇಳಿದೆ. ತಮಾಷೆ ಮಾಡಿದರೆ ತಮಾಷೆಯನ್ನೂ ಹೇಳಬೇಕಂತೆ, ಬೈದರೆ ಬೈಗುಳವನ್ನೂ ಹೇಳಬೇಕಂತೆ. ‘ಒಳ್ಳೆ ಪ್ರಶ್ನೆ, ಯಾರು ಕೇಳಿದ್ದು?’ ಅಂದರು. ‘ನಮ್ಮಮ್ಮ’ ಅಂದೆ.

ಬೇಗ ಬರಿ.

ನಿನ್ನ,
ಕೆನ್ನೆಗುಳಿ


ಮನೆ,
ಜುಲೈ ೨೪

ಮಗಳೇ,

ನಿನ್ನ ಕಾಗದ ಬರುವ ಮೊದಲೇ ಅಮ್ಮ ಒಪ್ಪಿಕೊಂಡಾಗಿತ್ತು.

ನಡೆದದ್ದು ಇಷ್ಟು. ಗೋಡೆಗೆ ಕಟ್ಟಿದ ಸಾರುವೆಯ ಮೇಲೆ ಅವತ್ತು ಇಬ್ಬರು ಕೆಲಸ ಮಾಡುತ್ತಿದ್ದರು, ಈ ಬಣ್ಣದವನು ಮತ್ತು ಅವನಿಗಿಂತ ಮೇಲೆ ಇನ್ನೊಬ್ಬ. ಬೆಲ್ಟ್ ಇದ್ದದ್ದು ಒಂದೇ. ಅದು ಬಣ್ಣದವನ ಸೊಂಟದಲ್ಲಿತ್ತು. ಕೆಲಸ ನೋಡಿಕೊಳ್ಳುವವನೊಬ್ಬ ಆ ಕಟ್ಟಡದ ಕಿಟಕಿಯಿಂದ ತಲೆ ಹೊರಹಾಕಿ ಅದನ್ನು ಬಿಚ್ಚಿಸಿ ಮೇಲಿನವನಿಗೆ ಕೊಡಿಸಿದ. ನಿನಗೆ ‘ಕೆನ್ನೆಗುಳಿ’ ಅಂತ ಇಟ್ಟ ಹಾಗೆ ಅಮ್ಮ ಅವನಿಗೂ ‘ಮೀಸೆ’ ಅಂತ ಸನ್ನೆಯ ಹೆಸರಿಟ್ಟಿದ್ದಾಳೆ. ಸ್ವಲ್ಪ ಹೊತ್ತಿಗೆ ಬಣ್ಣದವನು ಡಬ್ಬಿಗೆ ಕೈಚಾಚಿದ, ಕಾಲು ಜಾರಿತು. ಈಗ ಗುತ್ತಿಗೆದಾರರು ಹೇಳುವುದೇ ಬೇರೆ: ಬೆಲ್ಟ್ ಕೊಟ್ಟಿದ್ದೆವು, ಸೆಕೆ ಅಂತ ಅವನೇ ಬಿಚ್ಚಿಹಾಕಿದ, ಹಾಗಾಗಿ ಪರಿಹಾರ ಕೊಡುವುದಿಲ್ಲ. ಮೇಲಿದ್ದವನು ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದಾನೆ.

ಬಣ್ಣದವನ ಹೆಂಡತಿ ಬೀದಿಯ ಒಂದೊಂದೇ ಅಂಗಡಿ ಹತ್ತಿ ‘ಯಾರಾದ್ರೂ ನೋಡಿದ್ರಾ?’ ಅಂತ ಕೇಳುತ್ತ ಬಂದಳಂತೆ. ಅಮ್ಮನಿಗೆ ಅವಳ ಮಾತು ಕೇಳಿಸದು, ಮುಖ ಕಾಣುತ್ತದಲ್ಲ. ಯಂತ್ರ ನಿಲ್ಲಿಸಿ, ಅವಳ ಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಎದುರು ಗೋಡೆ ತೋರಿಸಿ, ತನ್ನ ಸೊಂಟದಿಂದ ಬೆಲ್ಟ್ ಬಿಚ್ಚಿದ ಹಾಗೆ ಮಾಡಿ ತೋರಿಸಿದ್ದಾಳೆ. ಆ ಹೆಂಗಸು ಅಲ್ಲೇ ಕುಸಿದು ಕೂತಳಂತೆ. ಮಾರನೆಯ ದಿನ ಅವರ ವಕೀಲರು ಮನೆಗೆ ಬಂದರು. ನಾನು ಚೀಟಿಯಲ್ಲಿ ಬರೆದು ಬರೆದು ಮಾತಾಡಿದೆ.

ಅಕ್ಟೋಬರಿನಲ್ಲಿ ಸಾಕ್ಷಿ ವಿಚಾರಣೆ. ನೀನು ಆ ದಿನಕ್ಕೆ ರಜೆ ಹಾಕಿ ಬಾ. ಅಮ್ಮನ ಮಾತನ್ನು ನಿನ್ನಷ್ಟು ಚೆನ್ನಾಗಿ ಹೇಳುವವರು ಯಾರಿದ್ದಾರೆ?

ನಿನ್ನ,
ಅಪ್ಪ


ವಿದ್ಯಾರ್ಥಿನಿಲಯ,
ಆಗಸ್ಟ್ ೧

ಅಪ್ಪ,

ನನ್ನ ಲೇಖನಕ್ಕೆ ಕೆಂಪು ಗುರುತು ಹಾಕಿದವನು ನೀನೇ ಅಲ್ಲವೇ? ಅದರಲ್ಲಿ ನಾನು ಏನು ಬರೆದಿದ್ದೆ? ಮನೆಯವರು ದುಭಾಷಿ ಆಗಕೂಡದು!

ನಗು ಬರುತ್ತದೆ, ಅಳುವೂ ಬರುತ್ತದೆ. ನಮ್ಮ ಊರಿನ ನ್ಯಾಯಾಲಯದ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯ ಗುಮಾಸ್ತರು ಬಹಳ ಒಳ್ಳೆಯವರು. ‘ನಮ್ಮಲ್ಲಿ ಸನ್ನೆ ಭಾಷೆಯವರು ಯಾರೂ ಇಲ್ಲಮ್ಮ. ನೀವು ಮಗಳಲ್ವಾ? ನೀವೇ ಬಂದು ಹೇಳಿಬಿಡಿ, ಸುಮ್ನೆ ಯಾಕೆ ತಾಪತ್ರಯ’ ಅಂದರು. ಬಾಯಿಗೆ ಬಂದ ‘ಆಯ್ತು’ ಅನ್ನುವ ಮಾತನ್ನು ಹೇಗೋ ತಡೆದುಕೊಂಡೆ.

ನಿಜ ಹೇಳಲಾ? ನನಗೆ ಬರಬೇಕು ಅನ್ನಿಸುತ್ತಿದೆ. ಗುರುತು ಪರಿಚಯ ಇಲ್ಲದ ಯಾರೋ ಒಬ್ಬರು ಅಮ್ಮನ ಕೈ ನೋಡಿ ಏನನ್ನು ಏನೆಂದು ತಿಳಿದುಕೊಳ್ಳುತ್ತಾರೋ! ಅಮ್ಮನ ಅರ್ಧ ಸನ್ನೆಗಳು ನಮ್ಮ ಮನೆಯಲ್ಲೇ ಹುಟ್ಟಿದವು. ಮೂಗು ಮುಟ್ಟಿ ಕೈ ಕೊಡವಿದರೆ ‘ಹೋಗಲಿ ಬಿಡು, ಅವನ ಹಣೆಬರಹ’ ಅಂತ ಯಾವ ತರಬೇತಿಯಲ್ಲಿ ಕಲಿಸುತ್ತಾರೆ? ಮೇಷ್ಟ್ರ ಹತ್ತಿರ ಹೀಗೆಯೇ ಅಂದೆ. ಅವರು ಕನ್ನಡಕ ತೆಗೆದು, ‘ತೀರ್ಪು ಬೇರೆಯವರ ಮನೆಗಾದರೆ ಸರಿ, ನಿಮ್ಮ ಮನೆಗೆ ಬೇಡ. ಹಾಗೇನು?’ ಅಂದರು. ನನಗೆ ಸಿಟ್ಟು ಬಂತು. ಕೋಣೆಗೆ ಬಂದು ನನ್ನ ಲೇಖನವನ್ನೇ ಮತ್ತೆ ಓದಿದೆ.

ಅಮ್ಮನಿಗೆ ಎರಡನ್ನೂ ಹೇಳು. ನಾನು ಬಂದರೆ ಸುಲಭ, ಎದುರಿನ ವಕೀಲರು ತಕರಾರು ಮಾಡಬಹುದು. ಹೊರಗಿನವರು ಬೇಕಾದರೆ ಅರ್ಜಿ ಹಾಕಬೇಕು, ಕಾಯಬೇಕು. ಅವಳು ಏನಂದರೆ ಅದು.

ನಿನ್ನ,
ಕೆನ್ನೆಗುಳಿ


ಮನೆ,
ಆಗಸ್ಟ್ ೧೪

ಮಗಳೇ,

ಹೇಳಿದೆ. ಅಮ್ಮ ಯೋಚನೆ ಕೂಡ ಮಾಡಲಿಲ್ಲ. ‘ಹೊರಗಿನವರು’ ಅಂದಳು.

ಮಗಳು ಯಾಕೆ ಬೇಡ ಅಂತ ಕೇಳಿದೆ. ಅವಳು ಹೇಳಿದ್ದನ್ನು ತಿದ್ದದೆ ಹಾಗೆಯೇ ಬರೆಯುತ್ತೇನೆ: ‘ಮಗಳು ಹೇಳಿದರೆ ನಾನು ಒಳ್ಳೆಯವಳಾಗಿಬಿಡುತ್ತೇನೆ. ನೀನು ಬರೆದರೆ ನಾನು ಪುಸ್ತಕ ಆಗಿಬಿಡುತ್ತೇನೆ.’

ನನಗೆ ನೋವಾಯಿತು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ನಮ್ಮ ಮನೆಯಲ್ಲಿ ಮಾತು ಬಿಡುವುದು ಅಂದರೆ ಗೊತ್ತಲ್ಲ, ಮುಖ ತಿರುಗಿಸಿಕೊಂಡರೆ ಸಾಕು. ಮೂರನೆಯ ದಿನ ಮುದ್ರಣಾಲಯದಲ್ಲಿ ಯಾರದೋ ಕರಡು ತಿದ್ದುತ್ತಿದ್ದೆ. ಬರೆದವನು ಒರಟಾಗಿ ಒಂದು ಮಾತು ಬರೆದಿದ್ದ, ನಾನು ನಯ ಮಾಡಿದೆ. ಮಾಡಿದ ಮೇಲೆ ಆ ಸಾಲನ್ನು ನೋಡುತ್ತ ಕೂತೆ. ಸಾಲು ಚೆಂದವಾಗಿತ್ತು, ಆದರೆ ಅವನದಾಗಿರಲಿಲ್ಲ. ಹಳೆಯದನ್ನೇ ವಾಪಸು ಹಾಕಿ ಮನೆಗೆ ಬಂದೆ.

ಅರ್ಜಿ ಹೇಗೆ ಬರೆಯಬೇಕು ಅಂತ ಆ ವಕೀಲರಿಗೆ ತಿಳಿಸು. ನಿನ್ನ ತೀರ್ಪಿನ ಪ್ರತಿಯನ್ನೂ ಕಳಿಸು.

ನಿನ್ನ,
ಅಪ್ಪ

ಅವಳ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡಿದ್ದರೆ, ಎರಡು ದಿನಕ್ಕೆ ನಿಲ್ಲಿಸು.


ವಿದ್ಯಾರ್ಥಿನಿಲಯ,
ನವೆಂಬರ್ ೨೩

ಪ್ರೀತಿಯ ಅಪ್ಪನಿಗೆ,

ಪರೀಕ್ಷೆ ಇವತ್ತಿಗೆ ಮುಗಿಯಿತು. ಅರ್ಜಿ ಮಂಜೂರಾಗಿ ಅಮ್ಮನ ಸಾಕ್ಷಿ ಸರಿಯಾಗಿ ಪರೀಕ್ಷೆಯ ಹಿಂದಿನ ದಿನಕ್ಕೇ ಬಿತ್ತಲ್ಲ, ಅವತ್ತು ನ್ಯಾಯಾಲಯದ ಗೇಟಿನಿಂದಲೇ ಬಸ್ಸು ಹತ್ತಿಬಿಟ್ಟೆ, ನಿನ್ನ ಜೊತೆ ಕೂತು ಒಂದು ಮಾತಾಡಲೂ ಆಗಲಿಲ್ಲ. ಅದಿರಲಿ, ಅಮ್ಮ ಪ್ರಮಾಣ ಮಾಡುವಾಗ ಹಿಂದಿನ ಬೆಂಚಿನಿಂದ ಅವಳಿಗೆ ‘ನಿಧಾನ, ನಿಧಾನ’ ಅಂತ ಸನ್ನೆ ಮಾಡಲು ಯಾರು ಹೇಳಿದ್ದು ನಿನಗೆ? ಎದುರಿನ ವಕೀಲರು ‘ಸ್ವಾಮಿ, ಗಂಡ ಹೇಳಿಕೊಡ್ತಿದಾರೆ!’ ಅಂತ ಕೂಗಿದ್ದು ನಿನಗೆ ಕೇಳಿಸಲಿಲ್ಲ, ನ್ಯಾಯಾಧೀಶರು ಬಾಗಿಲ ಕಡೆ ಬೆರಳು ತೋರಿಸಿದ್ದು ಮಾತ್ರ ಕಾಣಿಸಿತು. ನೀನು ಹೋದ ಮೇಲೆ ಅವರು ನನ್ನನ್ನೂ ನೋಡಿದರು. ‘ನೀವು ಮಗಳಲ್ವಾ? ಕೈ ಕಟ್ಟಿಕೊಂಡು ಕೂರೋದಾದ್ರೆ ಇರಿ’ ಅಂದರು. ಕೈ ಕಟ್ಟಿ ಕೂತೆ. ಅಪ್ಪ, ಹುಟ್ಟಿದಾಗಿನಿಂದ ಅಮ್ಮ ನಾಲ್ಕು ಜನರೆದುರು ಮಾತಾಡುವಾಗ ನಾನು ಸುಮ್ಮನೆ ಕೂತದ್ದು ಅದೇ ಮೊದಲು.

ದುಭಾಷಿಯನ್ನು ನೀನು ನೋಡಿದ್ದೀಯ. ದೂರದ ಕಿವುಡ ಮಕ್ಕಳ ಶಾಲೆಯ ಶಿಕ್ಷಕಿ, ಅಮ್ಮ ಹೆಸರಿಟ್ಟ ಹಾಗೆ ‘ಉದ್ದ ಜಡೆ’. ಅಮ್ಮನ ಸನ್ನೆ ಕಲಿಯದೆ ಪ್ರಮಾಣ ಮಾಡುವುದಿಲ್ಲ ಅಂತ ಅವರು ಹಟ ಹಿಡಿದು ಹಿಂದಿನ ದಿನ ಇಡೀ ಮಧ್ಯಾಹ್ನ ಅಂಗಡಿಯಲ್ಲಿ ಅಮ್ಮನ ಜೊತೆ ಕೂತಿದ್ದರಂತೆ. ಆದರೂ ನನಗೆ ಭಯವಿತ್ತು. ಅಮ್ಮ ಶುರು ಮಾಡಿದಳು. ಅವರು ಬಾಯಿ ತೆರೆದರು. ದೊಡ್ಡ ದನಿ, ಸ್ವಲ್ಪ ಒರಟು. ‘ನಾನು ಪರದೆ ಹೊಲೀತೀನಿ. ಕಿಟಕಿ ಪಕ್ಕ ಕೂತ್ಕೋತೀನಿ. ನೋಡೋದು ಬಿಟ್ರೆ ನನಗೆ ಬೇರೆ ಮನರಂಜನೆ ಇಲ್ಲ.’ ಕೋರ್ಟಿನಲ್ಲಿ ಎಲ್ಲರೂ ನಕ್ಕರು! ಮನೆಯಲ್ಲಿ ನಾವಿಬ್ಬರು ನಗುತ್ತಿದ್ದೆವು. ಹೊರಗಿನವರು ಅಮ್ಮನ ಮಾತಿಗೆ ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ. ಯಾಕೆಂದರೆ, ನಾನು ಹೇಳುವಾಗ ಅಮ್ಮ ಯಾವಾಗಲೂ ‘ದಯವಿಟ್ಟು’ ಅನ್ನುತ್ತಿದ್ದಳು, ‘ತಪ್ಪು ತಿಳಿಯಬೇಡಿ’ ಅನ್ನುತ್ತಿದ್ದಳು. ಅವೆಲ್ಲ ಅವಳ ಕೈಯಲ್ಲಿ ಇದ್ದವೇ?

ಆಮೇಲೆ ಪಾಟೀಸವಾಲು. ಆ ವಕೀಲರು ಕೆಟ್ಟವರಲ್ಲ, ತಮ್ಮ ಕೆಲಸ ಮಾಡಿದರು. ‘ನಿಮಗೆ ಕಿವಿ ಕೇಳಲ್ಲ. ಬೆಲ್ಟ್ ಬಿಚ್ಚು ಅಂತ ಮೇಲ್ವಿಚಾರಕರು ಹೇಳಿದ್ದು ನಿಮಗೆ ಹೇಗೆ ಗೊತ್ತು?’ ಅಂದರು.

ಅಮ್ಮ ಅವರನ್ನು ಕುತೂಹಲದಿಂದ ನೋಡಿದಳು, ಹೊಸ ಬಟ್ಟೆಯನ್ನು ನೋಡುವ ಹಾಗೆ. ‘ಬಾಯಲ್ಲಿ ಏನಂದ್ರೋ ಗೊತ್ತಿಲ್ಲ. ಮೀಸೆ ಅಡ್ಡ ಇತ್ತು. ಕೈಯಲ್ಲಿ ಹೇಳಿದ್ದು ಗೊತ್ತು. ಕೆಳಗೆ ಕಾಂಕ್ರೀಟ್ ಯಂತ್ರ ತಿರುಗ್ತಾ ಇರುತ್ತೆ, ಅದು ತಿರುಗುವಾಗ ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡ್ತಾರೆ. ಬೇಕಾದ್ರೆ ಹೋಗಿ ನೋಡಿ.’ ಹೇಳಿ, ಮೀಸೆ ಮಾಡಿದ್ದನ್ನು ಮಾಡಿ ತೋರಿಸಿದಳು: ಎರಡು ಬೆರಳು ಸೊಂಟಕ್ಕೆ, ಆಮೇಲೆ ಮೇಲಕ್ಕೆ, ಆಮೇಲೆ ಒಂದು ಚಿಟಿಕೆ. ಅದಕ್ಕೆ ದುಭಾಷಿಯೇ ಬೇಕಾಗಲಿಲ್ಲ. ಕ್ಯಾಮೆರಾ ಹಿಡಿದವನೂ ತಲೆಯಾಡಿಸಿದ.

ಇನ್ನು ಮುಂದಿನದನ್ನು ಅಮ್ಮ ನಿನಗೆ ಹೇಳಿರಲಾರಳು. ವಕೀಲರು ಕೊನೆಗೆ ಸುಮ್ಮನೆ ಎಸೆದ ಹಾಗೆ ಕೇಳಿದರು: ‘ಆ ಬಣ್ಣದವನು ತಾನಾಗಿ ಬೆಲ್ಟ್ ಬಿಚ್ಚಿದ್ದು ಯಾವತ್ತೂ ನೋಡಿಲ್ಲ ಅಂತೀರಾ?’

ಅಮ್ಮ ‘ನೋಡಿದ್ದೀನಿ’ ಅಂದಳು.

ನಮ್ಮ ಕಡೆಯ ವಕೀಲರ ಪೆನ್ನು ನಿಂತುಹೋಯಿತು. ‘ಹಿಂದಿನ ವಾರ ಒಂದಿನ ಬಿಚ್ಚಿ ಪಕ್ಕಕ್ಕಿಟ್ಟು ಕೆಲಸ ಮಾಡ್ದ. ನಾನು ಕಿಟಕಿಯಿಂದ ಬೈದೆ. ಅವನು ನೋಡ್ಲಿಲ್ಲ. ಬಿದ್ದ ದಿನ ಅವನು ಬಿಚ್ಚಲಿಲ್ಲ, ಬಿಚ್ಚಿಸಿದ್ರು.’ ಬಣ್ಣದವನ ಹೆಂಡತಿ ಮುಂದಿನ ಬೆಂಚಿನಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ಕಟ್ಟಿದ ಕೈಯನ್ನು ನಾನು ಬಿಚ್ಚಲಿಲ್ಲ. ಅಲ್ಲಿ ನಿಂತವಳು ನಾನಾಗಿದ್ದರೆ ಆ ಮಾತನ್ನು ನುಂಗಿಬಿಡುತ್ತಿದ್ದೆ, ಅಪ್ಪ. ಒಳ್ಳೆಯದಕ್ಕೇ ಅಂದುಕೊಂಡು ನುಂಗುತ್ತಿದ್ದೆ. ನೀನಾಗಿದ್ದರೂ ಅಷ್ಟೆ. ಉದ್ದ ಜಡೆ ನುಂಗಲಿಲ್ಲ.

ಕೇಸು ಕೆಟ್ಟಿತೋ ಉಳಿಯಿತೋ ಗೊತ್ತಿಲ್ಲ. ನನಗೆ ಹೆದರಿಕೆಯಾಗಿದೆ. ಒಂದು ತೀರ್ಪಿನ ಬಗ್ಗೆ ಇಡೀ ಪುಟ ಬರೆದವಳಿಗೆ ಅದು ಏನು ಹೇಳುತ್ತಿತ್ತು ಅಂತ ಅರ್ಥವಾದದ್ದು ಅವತ್ತು. ಅಮ್ಮ ಏನನ್ನುತ್ತಾಳೆ?

ನಿನ್ನ,
ಕೆನ್ನೆಗುಳಿ


ಮನೆ,
ಜನವರಿ ೨೯

ಮಗಳೇ,

ತೀರ್ಪು ಬಂತು. ಬಣ್ಣದವನಿಗೆ ಪರಿಹಾರ ಕೊಡಬೇಕು, ಚಿಕಿತ್ಸೆಯ ವೆಚ್ಚವನ್ನೂ ಭರಿಸಬೇಕು. ಗುತ್ತಿಗೆದಾರರು ಮೇಲಿನ ನ್ಯಾಯಾಲಯಕ್ಕೆ ಹೋಗುತ್ತೇವೆ ಅನ್ನುತ್ತಿದ್ದಾರೆ. ಹೋಗಲಿ, ಅಲ್ಲಿಗೂ ಚಿತ್ರೀಕರಣ ಹೋಗುತ್ತದೆ. ‘ತನ್ನನ್ನು ಕರೆಸಿದವರಿಗೆ ಅನುಕೂಲವಲ್ಲದ ಸಂಗತಿಯನ್ನೂ ಸಾಕ್ಷಿ ಮರೆಮಾಚಿಲ್ಲವಾದ್ದರಿಂದ ಆಕೆಯ ಉಳಿದ ಮಾತನ್ನು ನಂಬಲು ಅಡ್ಡಿಯಿಲ್ಲ’ ಅಂತ ಬರೆದಿದ್ದಾರೆ. ನಾನು ಆ ಪ್ರತಿಯನ್ನು ಆಸೆಯಿಂದ ಓದಿದೆ. ಒಂದೇ ಒಂದು ಅಕ್ಷರ ತಪ್ಪಿತ್ತು. ಮುಟ್ಟಲಿಲ್ಲ.

ಬಣ್ಣದವನು ಊರುಗೋಲು ಹಿಡಿದು ಮನೆಗೆ ಬಂದಿದ್ದ. ಅವತ್ತು ಬೈದದ್ದು ಏನಂತ ಅಮ್ಮನನ್ನು ಕೇಳಿದ. ಅವಳು ಕೈಯಲ್ಲಿ ಮತ್ತೆ ಬೈದಳು. ಅವನು ಬೈಸಿಕೊಂಡು ನಗುತ್ತ ಹೋದ.

ಇನ್ನೊಂದು ವಿಷಯ. ಆ ಶಿಕ್ಷಕಿ ಈಗ ಭಾನುವಾರ ಬಿಡುವಾದಾಗೆಲ್ಲ ಬರುತ್ತಾಳೆ. ಇಬ್ಬರೂ ಕೂತರೆ ನನ್ನನ್ನು ಕೇಳುವವರೇ ಇಲ್ಲ. ಮೊನ್ನೆ ಭಾನುವಾರ ಅಮ್ಮ ಅವಳ ಕೈಯಲ್ಲಿ ನಿನಗೊಂದು ಕಾಗದ ಬರೆಸಿದ್ದಾಳೆ. ನನಗೆ ತೋರಿಸಲಿಲ್ಲ, ಅಂಟಿಸಿಯೇ ಕೊಟ್ಟಳು. ತಪ್ಪುಗಳಿದ್ದರೆ ನನ್ನ ಹೊಣೆಯಲ್ಲ.

ನಿನ್ನ,
ಅಪ್ಪ


ಅಂಗಡಿ, ಕಿಟಕಿಯ ಪಕ್ಕ,
ಜನವರಿ ೨೬

ಕೆನ್ನೆಗುಳಿ,

ನಾನು ಅಮ್ಮ. ಬರೀತಾ ಇರೋದು ಉದ್ದ ಜಡೆ. ನಾನು ಹೇಳಿದ್ದನ್ನೇ ಬರೀಬೇಕು ಅಂತ ಪ್ರಮಾಣ ಮಾಡಿಸಿದೀನಿ. ಅವಳು ನಗ್ತಾ ಇದಾಳೆ. ನಗ್ತಾ ಇದಾಳೆ ಅನ್ನೋದನ್ನೂ ಬರಿ ಅಂದೆ.

ನೀನು ಬೇಜಾರು ಮಾಡ್ಕೊಂಡಿದ್ದೆ ಅಂತ ನಿನ್ನಪ್ಪ ಹೇಳಲಿಲ್ಲ. ನನಗೇ ಗೊತ್ತು. ಕೈ ಕಟ್ಟಿ ಕೂತಾಗ ನಿನ್ನ ಮುಖ ನೋಡಿದೆ. ಚಿಕ್ಕವಳಿದ್ದಾಗ ಡಾಕ್ಟರ ಹತ್ತಿರ ನಾನು ‘ಈ ಔಷಧಿ ದಂಡ’ ಅಂದರೆ ನೀನು ಏನೋ ಉದ್ದ ಹೇಳ್ತಿದ್ದೆ, ಅವರು ನಗುಮುಖ ಮಾಡ್ತಿದ್ರು. ದಂಡ ಅಂದ್ರೆ ಯಾರು ನಗ್ತಾರೆ? ನೀನು ನನ್ನನ್ನು ಕಾಪಾಡ್ತಿದ್ದೆ. ಅಷ್ಟು ಪುಟ್ಟ ಮಗು. ನನಗೆ ಅದು ಇಷ್ಟವೂ ಆಗ್ತಿತ್ತು, ಸಿಟ್ಟೂ ಬರ್ತಿತ್ತು. ಎರಡನ್ನೂ ಹೇಳೋದು ಯಾರ ಹತ್ತಿರ? ಹೇಳಬೇಕಾದ್ರೂ ನಿನ್ನ ಬಾಯಲ್ಲೇ ಹೇಳಬೇಕಿತ್ತು.

ಒಂದು ವಿಷಯ ತುಂಬ ದಿನದಿಂದ ತಿಳ್ಕೋಬೇಕು ಅಂತಿತ್ತು. ನಿನ್ನಪ್ಪನಿಗೂ ಗೊತ್ತಿಲ್ಲ, ಅವನು ನಿನ್ನ ದನಿ ಕೇಳಿಲ್ಲ. ಅವತ್ತು ಕೋರ್ಟಿನ ಹೊರಗೆ ನೀನು ಉದ್ದ ಜಡೆ ಹತ್ತಿರ ಮಾತಾಡಿದೆಯಲ್ಲ, ನನ್ನ ಮಗಳ ದನಿ ಹೇಗಿದೆ ಅಂತ ಇವಳನ್ನು ಕೇಳಿದೆ. ಚೆನ್ನಾಗಿದೆ ಅಂದಳು. ಚೆನ್ನಾಗಿದೆ ಅಂದ್ರೆ ಏನೂ ಹೇಳಿದ ಹಾಗಲ್ಲ, ಅಂಗಡಿಯಲ್ಲಿರೋ ಬಟ್ಟೆ ಮುಟ್ಟಿ ತೋರಿಸು ಅಂದೆ. ಅವಳು ಎದ್ದು ಎಲ್ಲ ಥಾನುಗಳನ್ನೂ ಮುಟ್ಟಿ ಮುಟ್ಟಿ ನೋಡಿದಳು. ರೇಷ್ಮೆ ಬಿಟ್ಟಳು. ವೆಲ್ವೆಟ್ ಬಿಟ್ಟಳು. ಕೊನೆಗೆ ದಪ್ಪ ಹತ್ತಿ ಬಟ್ಟೆ ಮೇಲೆ ಕೈ ಇಟ್ಟಳು. ಒಂದೆರಡು ಸಲ ಒಗೆದ ಮೇಲೆ ಹೇಗಿರುತ್ತೋ ಹಾಗೆ ಅಂದಳು.

ನಾನು ಇಷ್ಟು ವರ್ಷ ರೇಷ್ಮೆ ಅಂದ್ಕೊಂಡಿದ್ದೆ. ಹತ್ತಿಯೇ ವಾಸಿ. ದಿನಾ ಉಪಯೋಗಕ್ಕೆ ಬರುತ್ತೆ.

ಸಾಕ್ಷಿ ಕಟ್ಟೆಯಿಂದ ಇನ್ನೊಂದು ನೋಡಿದೆ. ನಿನ್ನ ಕರಿ ಕೋಟಿನ ತೋಳು ಉದ್ದ, ಬೆರಳಿನ ತನಕ ಬರುತ್ತೆ. ವಕೀಲಳಾಗಿ ಕೈ ಕಾಣದೆ ಇದ್ರೆ ಹೇಗೆ? ಬರುವಾಗ ತಗೊಂಡು ಬಾ, ಮಡಚಿ ಹೊಲಿದು ಕೊಡ್ತೀನಿ.

ನಿನ್ನ,
ಅಮ್ಮ